ನಿಮ್ಮ ಮೆದೆ ಎಷ್ಟು ದಿನ ಬರುತ್ತದೆ?

ರಾಗಿ ಕಟಾವಾಗಿ ಮೆದೆ ಒಟ್ಟುವ ಹೊತ್ತು ಇದು. ಹಿತ್ತಲಲ್ಲಿ ಎತ್ತರದ ಮೆದೆ ಕಂಡರೆ ಮನಸ್ಸಿಗೆ ಧೈರ್ಯ. ಆದರೆ ಅಕ್ಕ, ಅದು ಎಷ್ಟು ದಿನ ಬರುತ್ತದೆ ಎಂದು ಯಾವತ್ತಾದರೂ ಲೆಕ್ಕ ಹಾಕಿದ್ದೀರಾ?

ನಾವು ಹಾಕಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮರು ಬೇಸಿಗೆ, ಏಪ್ರಿಲ್‌ನಲ್ಲಿ ನಮ್ಮ ಹುಲ್ಲು ಮುಗಿಯಿತು. ಹುಲ್ಲು ಕೊಳ್ಳಲು ಹೋದರೆ ಊರೆಲ್ಲ ಅದೇ ಹುಡುಕಾಟ. ಗಬ್ಬದ ಹಸುವನ್ನು ಸಿಕ್ಕಿದ ಬೆಲೆಗೆ ಕೊಟ್ಟೆವು. ನಮ್ಮತ್ತೆ ಮೂರು ದಿನ ಕೊಟ್ಟಿಗೆ ಕಡೆ ಹೋಗಲಿಲ್ಲ. ಸಂಕ್ರಾಂತಿಗೇ ಗೊತ್ತಾಗಬೇಕಿದ್ದ ವಿಷಯ ಅದು.

ಮೊದಲು ಹಸುವಿನ ಹೊಟ್ಟೆಯ ಲೆಕ್ಕ. ಮೇವಿನ ತೂಕದಲ್ಲಿ ನೀರನ್ನು ಕಳೆದು ಉಳಿಯುವುದಕ್ಕೆ ಒಣ ಅಂಶ ಎನ್ನುತ್ತಾರೆ. ಹಾಲು ಕೊಡುವ ಹಸುವಿಗೆ ದಿನಕ್ಕೆ ತನ್ನ ತೂಕದ ನೂರಕ್ಕೆ ಸುಮಾರು 3 ಪಾಲು ಒಣ ಅಂಶ ಬೇಕು. 400 ಕೆಜಿ ಹಸುವಿಗೆ 12 ಕೆಜಿ. ಹಸಿರು ಜೋಳದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. 15 ಕೆಜಿ ಹಾಕಿದರೆ ಸಿಗುವುದು 3 ಕೆಜಿ. 5 ಕೆಜಿ ಪಶು ಆಹಾರದಿಂದ ನಾಲ್ಕೂವರೆ. ಉಳಿದ ನಾಲ್ಕೂವರೆಗೆ 5 ಕೆಜಿ ಹುಲ್ಲು ಸಾಕು. ಹಸಿರು ನಿಂತ ದಿನ ಆ 3 ಕೆಜಿಯೂ ಹುಲ್ಲಿನ ಮೇಲೇ ಬೀಳುತ್ತದೆ. 5 ಕೆಜಿ ತಿನ್ನುತ್ತಿದ್ದ ಹಸುವಿಗೆ ಸುಮಾರು ಎಂಟೂವರೆ ಬೇಕು, ಎರಡು ಹಸುವಿಗೆ 17. ಬೇಸಿಗೆಯಲ್ಲಿ ಮೆದೆ ಹಾಗೆ ಕರಗುವುದಕ್ಕೆ ಕಾರಣ ಇದು.

ಇನ್ನು ಮೆದೆ. ಎಲ್ಲವನ್ನೂ ತೂಗಬೇಕಿಲ್ಲ. ಒಟ್ಟುವಾಗ ಹೊರೆ ಎಣಿಸಿ. ಸಣ್ಣದೊಂದು, ದೊಡ್ಡದೊಂದು, ನಡುವಿನದೊಂದು ತೂಗಿ. 11, 13, 12 ಬಂದರೆ ಸರಾಸರಿ 12. 150 ಹೊರೆಗೆ 1800 ಕೆಜಿ. ನೆನೆದು ಮುಗ್ಗಿದ್ದು, ಕಾಲಡಿ ಹೋದದ್ದು ಎಂದು ಹತ್ತರಲ್ಲೊಂದು ಪಾಲು, 180 ಕೆಜಿ ಬಿಡಿ. ಉಳಿದ 1620ನ್ನು 17ರಿಂದ ಭಾಗಿಸಿದರೆ 95 ದಿನ.

ಫೋನಿನಲ್ಲಿ ಮಾಡುವವರು ಇಲ್ಲಿ ಎಚ್ಚರ. 1800 ಕಳೆ 180 ಭಾಗಿಸು 17 ಎಂದು ಒಂದೇ ಸಾಲಿನಲ್ಲಿ ಒತ್ತಿದರೆ ಹೆಚ್ಚಿನ ಫೋನುಗಳು 1789 ಎನ್ನುತ್ತವೆ. ಐದು ವರ್ಷ ಬರುವ ಮೆದೆ! ಫೋನು ಕೆಟ್ಟಿಲ್ಲ, ಭಾಗಾಕಾರ ಮೊದಲು, ಕಳೆಯುವುದು ಆಮೇಲೆ ಎಂಬುದು ಅದರ ನಿಯಮ. ಕಳೆದು ಸಮ ಚಿಹ್ನೆ ಒತ್ತಿ, ಬಂದದ್ದನ್ನು ಭಾಗಿಸಿ. ಯಂತ್ರ ಹೇಳಿದ್ದನ್ನು ನಂಬುವ ಮೊದಲು ಬಾಯಿಲೆಕ್ಕದಲ್ಲಿ ಒಮ್ಮೆ ಅಂದಾಜು ಮಾಡಿ. ಡೇರಿಯ ಚೀಟಿ ನೋಡುವಾಗಲೂ ಅಷ್ಟೆ.

ಸಂಕ್ರಾಂತಿಗೆ ಹಸಿರು ನಿಂತರೆ 95 ದಿನ ಎಂದರೆ ಏಪ್ರಿಲ್ 20. ಮಳೆ ಬಂದು ಹೊಸ ಮೇವು ಕೈಗೆ ಬರುವುದು ಜೂನ್ ಕೊನೆಗೆ ಎಂದಿಟ್ಟುಕೊಳ್ಳಿ. ನಡುವಿನ 71 ದಿನಕ್ಕೆ 1207 ಕೆಜಿ, ಅಂದರೆ ಸುಮಾರು 100 ಹೊರೆ ಕೊರತೆ. ಊರಲ್ಲಿ ಹುಲ್ಲು ಹೇರಳವಾಗಿರುವಾಗಲೇ ಕೊಳ್ಳುವುದು ಒಂದು ದಾರಿ.

ಬೋರ್‌ವೆಲ್ ನೀರಿದ್ದು ಮುಸುಕಿನ ಜೋಳ ನಿಂತಿದ್ದರೆ ರಸಮೇವು ಇನ್ನೂ ಒಳ್ಳೆಯದು. ಹಸುವಿಗೆ 15 ಕೆಜಿ ರಸಮೇವು 5 ಕೆಜಿ ಹುಲ್ಲನ್ನು ಉಳಿಸುತ್ತದೆ. ಎರಡು ಹಸುವಿಗೆ 71 ದಿನಕ್ಕೆ 2130 ಕೆಜಿ. ಚೆನ್ನಾಗಿ ತುಳಿದರೆ ಒಂದು ಘನ ಅಡಿಯಲ್ಲಿ 15 ಕೆಜಿಗೆ ಮೋಸವಿಲ್ಲ. 6 ಅಡಿ ಉದ್ದ, 5 ಅಗಲ, 5 ಆಳದ ಗುಂಡಿ ಗುಣಿಸಿದರೆ 150 ಘನ ಅಡಿ. 2250 ಕೆಜಿ ಹಿಡಿಯುತ್ತದೆ. ಆಗ ಕೊಳ್ಳಬೇಕಾದ ಹುಲ್ಲು 100 ಹೊರೆಯ ಬದಲು 42. ಕಾಳಿನ ಹಾಲು ಗಟ್ಟಿಯಾಗುವ ಹೊತ್ತಿಗೆ ಕೊಯ್ದು, ಸಣ್ಣಗೆ ಕತ್ತರಿಸಿ, ಪದರ ಪದರವಾಗಿ ತುಳಿದು, ಗಾಳಿಯಾಡದಂತೆ ಮುಚ್ಚಿ. ತುಳಿಯುವುದರಲ್ಲಿ ಮಾತ್ರ ಸೋಮಾರಿತನ ಬೇಡ. ಗಾಳಿ ಉಳಿದಲ್ಲಿ ಬೂಷ್ಟು ಬರುತ್ತದೆ. ಸುಮಾರು 45 ದಿನಕ್ಕೆ ಸಿದ್ಧ.

ಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಅದರಲ್ಲಿ ಕಸುವು ಕಡಿಮೆ. ಖನಿಜ ಮಿಶ್ರಣ ತಪ್ಪಿಸಬೇಡಿ, ಪಾತ್ರೆ ತೊಳೆದ ನೀರಿನಲ್ಲಾದರೂ ಒಂದು ಮಡಿ ಹಸಿರು ಉಳಿಸಿಕೊಳ್ಳಿ.

ಮೆದೆ ಒಟ್ಟುವಾಗ 75ನೇ ಹೊರೆಗೆ ಒಂದು ಕೆಂಪು ಬಟ್ಟೆ ಕಟ್ಟಿ. ಫೋನಿನಲ್ಲಿ ಮಾರ್ಚ್ 3ಕ್ಕೆ ಅಲಾರಂ ಇಡಿ. ಅಲಾರಂ ಹೊಡೆಯುವ ಮೊದಲೇ ಬಟ್ಟೆ ಕಂಡರೆ ಅಂದೇ ಹೊರೆಗಳನ್ನು ಮತ್ತೆ ಎಣಿಸಿ. ಹುಲ್ಲು ಕೊಳ್ಳಲು ಆಗಲೂ ಒಂದೂವರೆ ತಿಂಗಳಷ್ಟು ಕಾಲಾವಕಾಶ ಇರುತ್ತದೆ.