ಹೊರೆ ನೀರಿನ ಹೆಗಲಿಗೆ ಬಿದ್ದಾಗ

2001ರ ಜನವರಿ 26, ಬೆಳಿಗ್ಗೆ 8.46. ದೇಶ ಗಣರಾಜ್ಯೋತ್ಸವದ ಸಡಗರದಲ್ಲಿದ್ದಾಗ ಗುಜರಾತಿನ ಕಚ್ಛ್ ನಡುಗಿತು. ಭುಜ್, ಭಚಾವ್, ಅಂಜಾರ್ ಪಟ್ಟಣಗಳು ನೆಲಕಚ್ಚಿದವು. ಸುಮಾರು 20,000 ಜನ ಸತ್ತರು. ಊರುಗಳಾಚೆ, ರಣ್ ಎಂಬ ಉಪ್ಪು ಬಯಲಿನಲ್ಲಿ, ಬರದಿಂದ ಒಣಗಿದ್ದ ನೆಲ ಸೀಳಿ ನೀರೂ ಮರಳೂ ಬುಗ್ಗೆಬುಗ್ಗೆಯಾಗಿ ಉಕ್ಕಿದವು. ಎಂದೋ ಬತ್ತಿದ ಹೊಳೆಗಳ ಪಾತ್ರದಲ್ಲಿ ನೀರು ನಿಂತದ್ದು ಉಪಗ್ರಹದ ಚಿತ್ರಗಳಲ್ಲೂ ಕಾಣಿಸಿತು. ಕಳೆದುಹೋದ ನದಿಯೇ ಮರಳಿ ಬಂತೆಂಬ ಆಸೆ ಹುಟ್ಟಿತು. ಆದರೆ ಬಹುಪಾಲು ಕಡೆ ಅದು ಉಪ್ಪುನೀರು. ಬಂದಷ್ಟೇ ಬೇಗ ಇಂಗಿತು, ಆರಿತು.

ಆ ನೀರು ಬಂದದ್ದೆಲ್ಲಿಂದ? ರಾಗಿ ಅಳೆಯುವವರಿಗೆ ಅರ್ಧ ಉತ್ತರ ಗೊತ್ತು. ತುಂಬಿದ ಸೇರನ್ನು ಒಮ್ಮೆ ಕುಲುಕಿದರೆ ಮಟ್ಟ ಇಳಿದು, ಮೇಲೆ ಇನ್ನೊಂದು ಹಿಡಿ ಹಿಡಿಸುತ್ತದೆ. ಕಾಳುಗಳು ಒತ್ತಾಗಿ ಕೂತು, ಸಂದಿನ ಗಾಳಿ ಹೊರಬಿದ್ದಿರುತ್ತದೆ. ನದಿ, ಕಡಲು ತಂದು ಹಾಸಿದ ಮರಳು ಮೆಕ್ಕಲೂ ಇಂಥದೇ ಸಡಿಲ ರಾಶಿ. ಆದರೆ ಅಂತರ್ಜಲ ಮಟ್ಟದ ಕೆಳಗೆ ಸಂದುಗಳಲ್ಲಿ ಇರುವುದು ನೀರು. ಅದು ಗಾಳಿಯಂತೆ ಥಟ್ಟನೆ ಜಾಗ ಬಿಡದು, ಒತ್ತಿದರೆ ಕುಗ್ಗದು.

ಉಳಿದ ದಿನಗಳಲ್ಲಿ ಮೇಲಿನ ಮಣ್ಣು, ಮನೆ, ಸೇತುವೆಗಳ ಭಾರವನ್ನು ಒಂದಕ್ಕೊಂದು ಆತುಕೊಂಡ ಮರಳಿನ ಕಣಗಳೇ ಹೊರುತ್ತವೆ. ಭೂಮಿ ಕುಲುಕಿದಾಗ ಅವು ಒತ್ತಾಗಿ ಕೂರಲು ಹವಣಿಸುತ್ತವೆ; ನಡುವಿನ ನೀರಿಗೆ ಜಾರಿಕೊಳ್ಳಲು ಸಮಯ ಸಾಲದು. ಹೊರೆ ಕಣಗಳ ಹೆಗಲಿಂದ ನೀರಿನ ಹೆಗಲಿಗೆ ಬೀಳುತ್ತದೆ. ನೀರಿನ ಒತ್ತಡ ಮೇಲಿನ ಭಾರಕ್ಕೆ ಸಮನಾಗುವಷ್ಟು ಏರಿದರೆ ಕಣಗಳ ಹಿಡಿತ ತಪ್ಪಿ, ಗಟ್ಟಿ ನೆಲ ಗಂಜಿಯಂತಾಗುತ್ತದೆ. ವಿಜ್ಞಾನಿಗಳು ಇದನ್ನು ದ್ರವೀಕರಣ ಎನ್ನುತ್ತಾರೆ. ಇಕ್ಕಟ್ಟಿಗೆ ಸಿಕ್ಕ ನೀರು ಬಿರುಕು ಹಿಡಿದು, ಮರಳನ್ನೂ ಹೊತ್ತು ಮೇಲೇರುತ್ತದೆ. ಬಾಯಿಯ ಸುತ್ತ ಜ್ವಾಲಾಮುಖಿಯ ಆಕಾರದ ಪುಟ್ಟ ಮರಳುಗುಡ್ಡೆ ಬಿಟ್ಟುಹೋಗುತ್ತದೆ. ಕಚ್ಛ್‌ನಲ್ಲಿ ಭೂಕಂಪ ಹೊಸ ನೀರನ್ನು ಹುಟ್ಟಿಸಲಿಲ್ಲ, ನೆಲದಲ್ಲಿದ್ದ ನೀರನ್ನು ಹಿಂಡಿತು.

ಗಂಗೆಯ ಬಯಲು ಇದನ್ನು 1934ರ ಜನವರಿ 15ರಂದೇ ಕಂಡಿತ್ತು. ಅಂದಿನ ಭೂಕಂಪಕ್ಕೆ ಉತ್ತರ ಬಿಹಾರದಲ್ಲಿ ಬಾವಿಗಳು ಮರಳಿನಿಂದ ಹೂತುಹೋದವು, ಹೊಲಗಳ ಮೇಲೆ ಮರಳು ಹಾಸಿತು. ಎಷ್ಟೋ ಮನೆಗಳು ವಾಲಿ ನೆಲದೊಳಗೆ ಇಳಿದವು. 1964ರ ಜೂನ್ 16ರಂದು ಜಪಾನಿನ ನೀಗಾತದಲ್ಲಿ ಭೂಮಿ ನಡುಗಿದಾಗ ಕಾಂಕ್ರೀಟ್ ವಸತಿ ಕಟ್ಟಡಗಳು ಹೆಚ್ಚೇನೂ ಒಡೆಯದೆ, ಇಡಿಯಾಗಿ ಒರಗಿದವು. ಕಟ್ಟಡ ಗಟ್ಟಿಯಿತ್ತು, ಕಾಲ ಕೆಳಗಿನ ಮರಳು ಕೈಕೊಟ್ಟಿತ್ತು.

ನೀರು ಎಲ್ಲೆಡೆ ಚಿಮ್ಮಲೇಬೇಕೆಂದಿಲ್ಲ. ತೈವಾನಿನ ಚೋಶುಯಿ ನದಿಯ ಮೆಕ್ಕಲು ಬಯಲಲ್ಲಿ ಅಂತರ್ಜಲ ಅಳೆಯುವ ಬಾವಿಗಳ ದೊಡ್ಡ ಜಾಲವೇ ಇತ್ತು. 1999ರ ಸೆಪ್ಟೆಂಬರ್ 21ರ ಚಿ-ಚಿ ಭೂಕಂಪ ಅದರ ಪಕ್ಕದಲ್ಲೇ ಸಂಭವಿಸಿತು. ಬಯಲಿನ ಬಹಳಷ್ಟು ಬಾವಿಗಳಲ್ಲಿ ನೀರು ಏರಿತು, ಕೆಲವೆಡೆ ಹಲವು ಮೀಟರ್. ಬಿರುಕುಬಿಟ್ಟ ಬೆಟ್ಟದ ಬುಡದಲ್ಲಿ ನೀರು ಕೆಳಗಿಳಿಯಿತು. ಒಂದೇ ಕಂಪನ ಒಂದೆಡೆ ಸಂದುಗಳನ್ನು ಹಿಂಡುತ್ತದೆ, ಇನ್ನೊಂದೆಡೆ ಬಂಡೆಯಲ್ಲಿ ಹೊಸ ದಾರಿ ತೆರೆಯುತ್ತದೆ.

ಕರ್ನಾಟಕದ ಒಳನಾಡಿನ ಕೊಳವೆಬಾವಿಗಳು ಹೆಚ್ಚಾಗಿ ಗಟ್ಟಿಬಂಡೆಯ ಬಿರುಕುಗಳಿಂದ ನೀರೆತ್ತುತ್ತವೆ, ಬಂಡೆ ಗಂಜಿಯಾಗದು. ಆದರೆ ಕರಾವಳಿಯ ಮರಳು ದಂಡೆ, ಅಳಿವೆಗಳ ಮೆಕ್ಕಲು, ಮಣ್ಣು ತುಂಬಿ ಮಟ್ಟ ಮಾಡಿದ ಕೆರೆಯಂಗಳಗಳ ಮಾತು ಬೇರೆ. ಅಲ್ಲಿ ಕೈಗೆಟುಕುವಷ್ಟು ಮೇಲೆ ನೀರಿದ್ದರೆ ಎಚ್ಚರ ಬೇಕು. ಮರಳನ್ನು ಮೊದಲೇ ಕುಟ್ಟಿ ಬಿಗಿಮಾಡುವುದು, ನೀರು ಬಸಿಯಲು ದಾರಿ ಕೊಡುವುದು, ಕಂಬಗಳನ್ನು ಕೆಳಗಿನ ಗಟ್ಟಿ ಪದರದವರೆಗೆ ಇಳಿಸುವುದು ಎಂಜಿನಿಯರುಗಳಿಗೆ ಗೊತ್ತಿರುವ ಉಪಾಯಗಳೇ.

ಕಚ್ಛ್‌ನ ಚಾಂಗ್ ಎಂಬ ಮಣ್ಣಿನ ಅಣೆಕಟ್ಟೆಯ ಕತೆ ನನ್ನನ್ನು ಕಾಡುತ್ತಲೇ ಇದೆ. ಬರದ ವರ್ಷ, ಜಲಾಶಯದಲ್ಲಿ ಹೆಚ್ಚು ನೀರಿರಲಿಲ್ಲ. ಆದರೂ ಕಟ್ಟೆಯ ಬುಡದ ಮೆಕ್ಕಲು ಒಳಗೊಳಗೇ ತೋಯ್ದಿತ್ತು. ನೆಲ ಕುಲುಕಿದ್ದೇ ಬುಡ ಸಡಿಲಿ ಕಟ್ಟೆ ಕುಸಿಯಿತು. ಕೆಳಗಿನ ಊರುಗಳು ಪ್ರವಾಹದಿಂದ ಉಳಿದದ್ದು ಬರದ ದಯೆ. ಎಷ್ಟು ಅಡಿಗೆ ನೀರು ಸಿಗುತ್ತದೆ ಎಂದು ನಾವು ಕೇಳುವುದು ಬಾವಿ ತೋಡುವಾಗ. ಮರಳು ನೆಲದಲ್ಲಿ ಮನೆಯ ಪಾಯ ತೋಡುವಾಗಲೂ ಅದನ್ನೇ ಮೊದಲು ಕೇಳಬೇಕು.