ಅನ್ನವನ್ನು ಮತ್ತೆ ಬಿಸಿ ಮಾಡಿದರೆ ವಿಷವಾಗುತ್ತದೆಯೇ? ಟಿವಿ ಅಡುಗೆಯಲ್ಲಿ ಕಾಣದ ಆ ಕೆಲವು ಗಂಟೆಗಳು

"ಅನ್ನವನ್ನು ಎರಡನೇ ಸಲ ಬಿಸಿ ಮಾಡಬೇಡಿ, ವಿಷವಾಗುತ್ತದೆ" ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಎಚ್ಚರಿಕೆ ಸರಿ, ಕಾರಣ ತಪ್ಪು. ತೊಂದರೆ ಆಗುವುದು ಬಿಸಿ ಮಾಡುವಾಗ ಅಲ್ಲ. ಅದಕ್ಕೂ ಮೊದಲು, ಅನ್ನ ಪಾತ್ರೆಯಲ್ಲಿ ಸುಮ್ಮನೆ ಕೂತಿದ್ದಾಗ.

ನೆಂಟರು ಬಂದಾಗ ಸುಲಭವಾಗಿ ಏನು ಮಾಡಬಹುದು ಎಂದು 'ಬೊಂಬಾಟ್ ಭೋಜನ', 'ಒಗ್ಗರಣೆ ಡಬ್ಬಿ'ಯಂಥ ಟಿವಿ ಕಾರ್ಯಕ್ರಮ ನೋಡಿ ಕಲಿತವರು ಬಹಳ. ಅಡುಗೆ ಕಾರ್ಯಕ್ರಮಗಳಲ್ಲಿ ಹೆಚ್ಚಿದ ತರಕಾರಿ, ಬೆಂದ ಅನ್ನ ಎಲ್ಲ ಬಟ್ಟಲಲ್ಲಿ ರೆಡಿ ಇರುತ್ತದೆ. ಒಗ್ಗರಣೆ ಹಾಕಿ ಕಲಸಿದರೆ ಚಿತ್ರಾನ್ನ. ಆ ಅನ್ನ ಬೆಂದು ಎಷ್ಟು ಹೊತ್ತಾಯಿತು ಎಂಬುದು ಪರದೆಯಲ್ಲಿ ಕಾಣುವುದಿಲ್ಲ. ಮನೆಯಲ್ಲಿ ಮುಖ್ಯವಾಗುವುದು ಅದೇ ಹೊತ್ತು.

ಶಿರಸಿಯ ಮಾರಿಕಾಂಬಾ ಜಾತ್ರೆಯನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ, ಫೆಬ್ರವರಿ–ಮಾರ್ಚ್ ಸೆಕೆಯಲ್ಲಿ ನಡೆಯುತ್ತದೆ. ಸಿದ್ದಾಪುರದ ನೆಂಟರು ಮಧ್ಯಾಹ್ನ ಬಂದರೆ, ಯಲ್ಲಾಪುರದವರು ಜಾತ್ರೆ ಪೇಟೆ ಸುತ್ತಿ ರಾತ್ರಿ ಹತ್ತಕ್ಕೆ ಬರುತ್ತಾರೆ. ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿಟ್ಟು, ರಾತ್ರಿ ಒಗ್ಗರಣೆ ಕೊಟ್ಟರಾಯಿತು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಅಕ್ಕಿಯಲ್ಲಿ 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಮಾನ್ಯವಾಗಿ ಇರುತ್ತವೆ. ಮಣ್ಣಿನಿಂದ ಬಂದವು. ಅನ್ನ ಕುದಿದರೂ ಎಲ್ಲವೂ ಸಾಯುವುದಿಲ್ಲ. ಅನ್ನ ಆರುತ್ತ 60 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಮೊಳೆತು ಬೆಳೆಯತೊಡಗುತ್ತವೆ. 30 ಡಿಗ್ರಿ ಆಸುಪಾಸು ಅವಕ್ಕೆ ಬಹಳ ಹಿತ. ಸಣ್ಣ ಬಟ್ಟಲಿನ ಅನ್ನ ಬೇಗ ಆರುತ್ತದೆ, ಆದರೆ ಹತ್ತು ಸೇರಿನ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಹೀಗೆ ಬೆಳೆದ ಕೆಲವು ತಳಿಗಳು 'ಸೆರ್ಯುಲೈಡ್' ಎಂಬ ವಿಷ ಬಿಡುತ್ತವೆ. ಪ್ರಯೋಗಗಳಲ್ಲಿ ಅದು 126 ಡಿಗ್ರಿಯಲ್ಲಿ 90 ನಿಮಿಷ ಕಾಯಿಸಿದರೂ ಉಳಿದಿದೆ. ನಮ್ಮ ಕುಕ್ಕರ್ ಮುಟ್ಟುವುದೇ ಸುಮಾರು 120 ಡಿಗ್ರಿ. ಹಾಗಾಗಿ "ಚೆನ್ನಾಗಿ ಬಿಸಿ ಮಾಡಿದರೆ ಏನೂ ಆಗಲ್ಲ" ಎಂಬ ಮಾತೂ ಆ ಫಾರ್ವರ್ಡ್‌ನಷ್ಟೇ ತಪ್ಪು. ವಾಸನೆ, ರುಚಿ ನೋಡಿಯೂ ಗೊತ್ತಾಗುವುದಿಲ್ಲ.

1970ರ ದಶಕದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರಿಗೆ ವಾಂತಿಯಾದ ಪ್ರಕರಣಗಳಿಂದ ಇದು ಹೆಚ್ಚು ಬೆಳಕಿಗೆ ಬಂತು. ಅಲ್ಲೂ ಅನ್ನವನ್ನು ಬೇಯಿಸಿ ಹೊರಗೇ ಇಟ್ಟು, ಆಮೇಲೆ ಹುರಿಯುತ್ತಿದ್ದರು.

ಸಾಮಾನ್ಯವಾಗಿ ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗಿ ಒಂದು ದಿನದಲ್ಲಿ ತಗ್ಗುತ್ತದೆ. ಒಆರ್‌ಎಸ್ ಕೊಡಿ. ಮಕ್ಕಳು, ವಯಸ್ಸಾದವರು ನೀರನ್ನೂ ಕಕ್ಕುತ್ತಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

"ಅಜ್ಜಿ ಕಾಲದಲ್ಲಿ ತಂಗಳನ್ನ ತಿನ್ನುತ್ತಿದ್ದರಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಜ್ಜಿಗೆ ಹಾಕಿ ನೆನೆಸಿಟ್ಟ ಅನ್ನ ಹುಳಿಯಾಗುತ್ತದೆ, ಹುಳಿಯಲ್ಲಿ ಈ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯದು. ಪಾತ್ರೆಯಲ್ಲಿ ಹಾಗೇ ಉಳಿದ ಅನ್ನಕ್ಕೆ ಆ ರಕ್ಷಣೆ ಇಲ್ಲ. ಅಜ್ಜಿಗೆ ಆಗಾಗ ಹೊಟ್ಟೆ ಕೆಟ್ಟಿದ್ದನ್ನು ಯಾರೂ ಬರೆದಿಡಲಿಲ್ಲ ಎಂಬುದೂ ನೆನಪಿರಲಿ.

ಹಾಗಾದರೆ ರಾತ್ರಿಯ ನೆಂಟರಿಗೆ? ಅನ್ನವನ್ನು ಎರಡು ಸಲ ಸಣ್ಣದಾಗಿ ಮಾಡುವುದೇ ಲೇಸು. ಮೊದಲೇ ಮಾಡಲೇಬೇಕೆಂದರೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರವಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಪೂರ್ತಿ ತಣಿಯುವವರೆಗೆ ಕಾಯಬೇಕಿಲ್ಲ, ಸ್ವಲ್ಪ ಬೆಚ್ಚಗಿದ್ದರೂ ಫ್ರಿಜ್ ಹಾಳಾಗುವುದಿಲ್ಲ. ಕರೆಂಟ್ ಹೋದರೆ ಬಾಗಿಲು ತೆರೆಯದ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ; ಮಳೆಗಾಲದಲ್ಲಿ ಘಟ್ಟದ ಮೇಲಿನ ಕರೆಂಟಿನ ಕಥೆ ಗೊತ್ತಿದ್ದವರಿಗೆ ಅದು ಸಾಲದು ಎಂದು ಹೇಳಬೇಕಾಗಿಲ್ಲ.

ಉಳಿದದ್ದಕ್ಕೆ ನಮ್ಮ ಕಡೆಯ ಅಡುಗೆ ಟಿವಿಗಿಂತ ಸುಲಭ ಎಂದು ನನ್ನ ಲೆಕ್ಕ. ತಂಬುಳಿಗೆ ಸೊಪ್ಪು, ಜೀರಿಗೆ ಹುರಿದು ಕಾಯಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ಹತ್ತು ನಿಮಿಷ. ಅಪ್ಪೆಹುಳಿಗೆ ಬೇಯಿಸಿದ ಮಾವಿನಕಾಯಿ, ನೀರು, ಉಪ್ಪು, ಇಂಗಿನ ಒಗ್ಗರಣೆ ಸಾಕು. ನೆಂಟರು ಕೈಕಾಲು ತೊಳೆದು, "ಆಸರಿಗೆ ಎಂತ ಕೊಡಲಿ?" ಎಂದು ಕೇಳಿ ಮಜ್ಜಿಗೆ ಕೊಟ್ಟು ಮಾತಾಡುವಷ್ಟರಲ್ಲಿ ಎರಡೂ ಆಗುತ್ತವೆ, ಕುಕ್ಕರ್‌ನಲ್ಲಿ ಹೊಸ ಅನ್ನವೂ ಕೂಗಿರುತ್ತದೆ.