ಕೀಲುವಾಯುವೂ ಕಣ್ಣಿನ ಉರಿಯೂತವೂ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ಕಬ್ಬಿನ ಗರಿ ಹಳದಿಯಾದರೆ ತಾವು ಕೈಗೆ ಸಿಕ್ಕಿದ ಔಷಧಿಯನ್ನು ಸಿಂಪಡಿಸಿಬಿಡುವುದಿಲ್ಲ. ಕಬ್ಬಿಣದ ಅಂಶ ಕಡಿಮೆಯಾಗಿದೆಯೋ, ಬುಡದಲ್ಲಿ ನೀರು ನಿಂತಿದೆಯೋ, ಗೊಣ್ಣೆಹುಳು ಬೇರು ಕಡಿದಿದೆಯೋ ಎಂದು ಮೊದಲು ನೋಡುತ್ತೀರಿ. ಕಣ್ಣು ಕೆಂಪಾದಾಗಲೂ ಇದೇ ವಿವೇಕ ಬೇಕು. ಕೆಂಪು ಒಂದೇ ಆದರೂ ಕಾರಣಗಳು ಹಲವು. ಒಂದಕ್ಕೆ ಗುಣ ಕೊಡುವ ಔಷಧಿ ಇನ್ನೊಂದಕ್ಕೆ ದೃಷ್ಟಿಯನ್ನೇ ಕಳೆಯಬಲ್ಲದು.

ಮೂರು ಬಗೆಯ ಕೆಂಪುಗಣ್ಣು

ನಮ್ಮ ತಾಳವಾಡಿ ಭಾಗದಲ್ಲಿ ಮುಖ್ಯವಾಗಿ ಮೂರು ಬಗೆಯ ಕೆಂಪುಗಣ್ಣನ್ನು ಗುರುತಿಸಿಕೊಳ್ಳಬೇಕು.

1. ‘ಕಣ್ಣು ಬರುವುದು’, ಅಂದರೆ ಮದ್ರಾಸ್ ಐ. ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಆರಂಭವಾಗಿ ಇನ್ನೊಂದಕ್ಕೂ ಹರಡುತ್ತದೆ. ಪಿಸುರು ಕಟ್ಟುತ್ತದೆ, ಬೆಳಿಗ್ಗೆ ರೆಪ್ಪೆಗಳು ಅಂಟಿಕೊಳ್ಳುತ್ತವೆ. ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಬಹುಮಟ್ಟಿಗೆ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ.

2. ಕಬ್ಬಿನ ಗರಿ ತಾಗಿ ಆಗುವ ಗಾಯ. ಸೋಗೆ ಸುಲಿಯುವಾಗ, ಕಟಾವಿನಲ್ಲಿ, ಗರಿಯ ಅಂಚು ಕಣ್ಣಿನ ಕಪ್ಪುಭಾಗದ ಮೇಲಿನ ಪಾರದರ್ಶಕ ಪೊರೆಯನ್ನು (ಕಾರ್ನಿಯಾ) ಗೀರುತ್ತದೆ. ಆ ಗೀರಿನ ಮೂಲಕ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಒಳಹೊಕ್ಕು ಹುಣ್ಣು ಆಗಬಹುದು. ಕಪ್ಪುಭಾಗದ ಮೇಲೆ ಬಿಳಿಯ ಚುಕ್ಕೆ ಕಂಡರೆ ಇದೇ ಎಂದು ಶಂಕಿಸಬೇಕು.

3. ಕೀಲುವಾಯುವಿಗೆ ಸಂಬಂಧಿಸಿದ ಒಳಗಣ್ಣಿನ ಉರಿಯೂತ. ಗಾಯವೂ ಇಲ್ಲ, ಪಿಸುರೂ ಇಲ್ಲ. ಸಾಮಾನ್ಯವಾಗಿ ಒಂದೇ ಕಣ್ಣು. ಕಪ್ಪುಭಾಗದ ಸುತ್ತ ಬಳೆಯಂತೆ ಕೆಂಪು, ಆಳವಾದ ನೋವು, ನೀರು ಸುರಿಯುವುದು, ದೃಷ್ಟಿ ಮಸುಕು. ಬೆಳಕನ್ನು ನೋಡಲು ಆಗದಿರುವುದು ಇದರ ಮುಖ್ಯ ಗುರುತು. ವೈದ್ಯರು ಇದನ್ನು ‘ಯುವಿಯೈಟಿಸ್’ ಎನ್ನುತ್ತಾರೆ.

ಕೀಲಿಗೂ ಕಣ್ಣಿಗೂ ಏನು ಸಂಬಂಧ?

ದೇಹವನ್ನು ರೋಗಾಣುಗಳಿಂದ ಕಾಯುವ ಶಕ್ತಿಯೇ ದಾರಿ ತಪ್ಪಿ ತನ್ನ ಅಂಗಗಳ ಮೇಲೆ ತಿರುಗಿಬೀಳುವುದರಿಂದ ಕೆಲವು ಬಗೆಯ ಕೀಲುವಾಯು ಉಂಟಾಗುತ್ತದೆ. ಅದು ಬೆನ್ನೆಲುಬಿನ ಕೀಲಿನಲ್ಲಿ ಊತ ಉಂಟುಮಾಡುವಂತೆಯೇ ಕಣ್ಣಿನ ಒಳಗಿನ ಬಣ್ಣದ ಪರದೆಯಲ್ಲಿಯೂ ಉಂಟುಮಾಡಬಲ್ಲದು. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಿಗೂ ಈ ಕಣ್ಣಿನ ತೊಂದರೆಗೂ ಸಂಬಂಧವಿಲ್ಲ.

ಮುಖ್ಯವಾಗಿ ಶಂಕಿಸಬೇಕಾದುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನಿನ ವಾಯುವನ್ನು. ಇದು ಸಾಮಾನ್ಯವಾಗಿ 45 ವರ್ಷಕ್ಕೆ ಮೊದಲೇ ಆರಂಭವಾಗುತ್ತದೆ. ಮೂಟೆ ಹೊತ್ತ ಬೆನ್ನುನೋವು ದುಡಿದರೆ ಹೆಚ್ಚಿ ಮಲಗಿದರೆ ಇಳಿಯುತ್ತದೆ. ಇದು ಅದಕ್ಕೆ ವಿರುದ್ಧ: ಮಲಗಿದರೆ ಹೆಚ್ಚುತ್ತದೆ, ನಡುರಾತ್ರಿ ಎಚ್ಚರಗೊಳಿಸುತ್ತದೆ, ಬೆಳಿಗ್ಗೆ ಸೊಂಟ ಬಿಗಿದು ನಿಲ್ಲುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಈ ರೋಗವುಳ್ಳವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಕಾಲದಲ್ಲಿ ಕಣ್ಣಿನ ಉರಿಯೂತ ಬರುತ್ತದೆ. ಎಚ್ಎಲ್ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಈ ರೋಗಕ್ಕೂ ನಂಟಿರುವುದು 1973ರಲ್ಲಿ ತಿಳಿದುಬಂದಿತು. ಕೆಲವರಿಗೆ ಕಣ್ಣಿನ ತೊಂದರೆಯಿಂದಲೇ ಬೆನ್ನಿನ ರೋಗ ಪತ್ತೆಯಾಗುವುದೂ ಉಂಟು.

ಕೈಬೆರಳಿನ ಗೆಣ್ಣುಗಳು ಎರಡೂ ಕಡೆ ಊದಿಕೊಳ್ಳುವ ರುಮಟಾಯ್ಡ್ ಸಂಧಿವಾತದಲ್ಲಿ ಕಣ್ಣು ಒಣಗಿ ಮರಳು ಬಿದ್ದಂತೆ ಚುಚ್ಚುವುದು ಹೆಚ್ಚು. ಆದರೆ ಕಣ್ಣಿನ ಬಿಳಿಭಾಗ ಕಡುಕೆಂಪಾಗಿ, ನಿದ್ರೆ ಕೆಡಿಸುವ ನೋವು ಬಂದರೆ ಅದು ತೀವ್ರ ಸ್ವರೂಪದ್ದು, ತಡಮಾಡಬಾರದು.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ

ಮಗುವಿನ ಮಂಡಿಯೋ ಹರಡೋ ಆರು ವಾರಕ್ಕೂ ಹೆಚ್ಚು ಊದಿಕೊಂಡಿದ್ದರೆ ಅದು ಬಾಲ್ಯದ ಸಂಧಿವಾತವಾಗಿರಬಹುದು. ಇಂಥ ಮಕ್ಕಳಲ್ಲಿ, ಅದರಲ್ಲಿಯೂ ಚಿಕ್ಕ ಹೆಣ್ಣುಮಕ್ಕಳಲ್ಲಿ, ಕಣ್ಣು ಕೆಂಪಾಗದೆ, ನೋವೂ ಇಲ್ಲದೆ ಒಳಗೇ ಉರಿಯೂತ ನಡೆದು ದೃಷ್ಟಿ ಕುಂದಬಹುದು. ಮಗು ಹೇಳುವವರೆಗೆ ಕಾಯುವಂತಿಲ್ಲ. ವೈದ್ಯರು ಗೊತ್ತುಪಡಿಸಿದಂತೆ, ಹಲವು ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ, ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ಕಣ್ಣು ತೋರಿಸುವುದು ಅತ್ಯಗತ್ಯ.

ಚಿಕಿತ್ಸೆ

ಕೀಲುವಾಯುವಿನ ಕಣ್ಣಿಗೆ ಸಾಮಾನ್ಯವಾಗಿ ಎರಡು ಬಗೆಯ ಹನಿಗಳನ್ನು ಕೊಡುತ್ತಾರೆ. ಒಂದು, ಉರಿಯೂತ ಇಳಿಸುವ ಸ್ಟಿರಾಯ್ಡ್ ಹನಿ. ಇನ್ನೊಂದು, ಪಾಪೆಯನ್ನು ಅಗಲಿಸುವ ಹನಿ. ಇದು ನೋವನ್ನು ತಗ್ಗಿಸುವುದಲ್ಲದೆ, ಬಣ್ಣದ ಪರದೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳದಂತೆ ತಡೆಯುತ್ತದೆ. ತಡಮಾಡಿದರೆ ಹೀಗೆ ಅಂಟಿಕೊಂಡು ಕಣ್ಣಿನ ಒತ್ತಡ ಏರುವುದು, ಪೊರೆ ಬರುವುದು ಮುಂತಾದ ಶಾಶ್ವತ ಹಾನಿ ಸಂಭವಿಸಬಹುದು. ಬೇಗ ಆರಂಭಿಸಿದರೆ ಬಹುಮಂದಿಯ ದೃಷ್ಟಿ ಉಳಿಯುತ್ತದೆ.

ನೋವು ನಿಂತಿತೆಂದು ಹನಿಯನ್ನು ಥಟ್ಟನೆ ನಿಲ್ಲಿಸಬೇಡಿ. ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು, ಇಲ್ಲದಿದ್ದರೆ ರೋಗ ಮರುಕಳಿಸುತ್ತದೆ. ವೈದ್ಯರು ಹೇಳಿದ ಅವಧಿ ಮೀರಿ ಸ್ವಂತ ಇಚ್ಛೆಯಿಂದ ಮುಂದುವರಿಸಲೂಬೇಡಿ. ಸ್ಟಿರಾಯ್ಡ್ ಕಣ್ಣಿನ ಒತ್ತಡವನ್ನು ಏರಿಸಬಲ್ಲದು.

ಅತಿಮುಖ್ಯ ಎಚ್ಚರಿಕೆ

ಕಳೆದ ವರ್ಷ ಅಣ್ಣನಿಗೆ ಕೊಟ್ಟ ಹನಿಯ ಸೀಸೆ ಮನೆಯಲ್ಲಿರುತ್ತದೆ. ಈ ವರ್ಷ ಕಟಾವಿನಲ್ಲಿ ತಮ್ಮನ ಕಣ್ಣಿಗೆ ಗರಿ ತಾಗುತ್ತದೆ. ಅದೇ ಕೆಂಪು ಎಂದು ಅದೇ ಸೀಸೆಯನ್ನು ಹಾಕಿದರೆ ಅನಾಹುತ. ಶಿಲೀಂಧ್ರದ ಹುಣ್ಣಿಗೆ ಸ್ಟಿರಾಯ್ಡ್ ಬಿದ್ದರೆ ಒಂದೆರಡು ದಿನ ಕೆಂಪು, ನೋವು ತಗ್ಗಿದಂತೆ ತೋರಿ, ಒಳಗೊಳಗೇ ಹುಣ್ಣು ಬೆಳೆದು ಕಾರ್ನಿಯಾ ತೂತು ಬೀಳಬಹುದು. ಆದ್ದರಿಂದ ಉಳಿದ ಹನಿಯನ್ನು ಚೆಲ್ಲಿಬಿಡಿ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತರಬೇಡಿ. ಎದೆಹಾಲು, ಹರಳೆಣ್ಣೆ, ನಂದಬಟ್ಟಲ ರಸ ಹಿಂಡುವುದು, ನಾಲಗೆಯಿಂದ ಧೂಳು ತೆಗೆಯುವುದು ಇವೆಲ್ಲವೂ ಗಾಯದ ಕಣ್ಣಿಗೆ ಸೋಂಕು ತರುವ ದಾರಿಗಳು. ಗರಿ ತಾಗಿದರೆ ಶುದ್ಧ ನೀರಿನಿಂದ ತೊಳೆದು, ಉಜ್ಜದೆ, ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಬೆಟ್ಟದ ಮೇಲಿರುವವರು ಗಮನಿಸಬೇಕಾದುದು

ನಮಗೆ ದೊಡ್ಡ ಆಸ್ಪತ್ರೆ ಎರಡು ದಿಕ್ಕಿಗಿದೆ. ಸತ್ಯಮಂಗಲ, ಕೊಯಮತ್ತೂರಿನ ಕಡೆಗಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಚಾಮರಾಜನಗರ ಹತ್ತಿರ, ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಳಿಗ್ಗೆ ನೋವು ಕಂಡರೆ ಸಂಜೆಯವರೆಗೆ ಕಾಯದೆ ಹಗಲಿನಲ್ಲೇ ಹೊರಡುವುದು ಲೇಸು.

ಕೀಲಿಗೆ ಒಂದು ರಾಜ್ಯದಲ್ಲಿ, ಕಣ್ಣಿಗೆ ಇನ್ನೊಂದು ರಾಜ್ಯದಲ್ಲಿ ತೋರಿಸುವವರು ನಮ್ಮಲ್ಲಿದ್ದರೆ, ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿಟ್ಟು ಇಬ್ಬರು ವೈದ್ಯರಿಗೂ ತೋರಿಸಬೇಕು. “ನನಗೆ ಕೀಲುವಾಯು ಇದೆ” ಎಂದು ಕಣ್ಣಿನ ವೈದ್ಯರಿಗೆ, “ಕಣ್ಣು ಕೆಂಪಾಗಿತ್ತು” ಎಂದು ಕೀಲಿನ ವೈದ್ಯರಿಗೆ ತಾವೇ ಬಾಯಿಬಿಟ್ಟು ಹೇಳಬೇಕು.

ನಿತ್ಯ ಪಾಲಿಸಬೇಕಾದ ನಿಯಮಗಳು

1. ಕೈ ತೊಳೆದು ಹನಿ ಹಾಕಿ. ಸೀಸೆಯ ಮೂತಿ ಕಣ್ಣಿಗೆ ತಾಗದಿರಲಿ. ಎರಡು ಹನಿಗಳ ನಡುವೆ 5 ನಿಮಿಷ ಬಿಡಿ. ಹಾಲಿನಂತೆ ಬಿಳಿಯಾಗಿರುವ ಹನಿಯನ್ನು ಚೆನ್ನಾಗಿ ಕುಲುಕಿ ಹಾಕಿ.

2. ಪಾಪೆ ಅಗಲಿಸುವ ಹನಿ ಹಾಕಿಕೊಂಡಾಗ ಮಸುಕು ಸಹಜ. ಆ ದಿನಗಳಲ್ಲಿ ಬೈಕು, ಟ್ರಾಕ್ಟರು ಓಡಿಸಬೇಡಿ. ಕಟಾವಿನ ಕತ್ತಿ ಹಿಡಿಯಬೇಡಿ. ಬಿಸಿಲಿಗೆ ಕಪ್ಪು ಕನ್ನಡಕ, ಟೋಪಿ ಧರಿಸಿ.

3. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ. ದಿನವೂ ನುಂಗಿದರೆ ಪ್ರಾಣಾಪಾಯ. ಗರ್ಭಿಣಿಯರು ಇದನ್ನು ಸೇವಿಸಬಾರದು.

4. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರು ಕಣ್ಣಿನ ಹಿಂಪದರವನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳಿ.

5. ಬೀಡಿ ಬಿಡಿ. ಹೊಗೆ ಕೀಲುವಾಯುವನ್ನು ಹೆಚ್ಚಿಸುತ್ತದೆ. ಬೆನ್ನು ಬಿಗಿಯುವವರು ದಿನವೂ ಬೆನ್ನು ನೀಳಿಸುವ ವ್ಯಾಯಾಮ ಮಾಡಿ.

6. ಸೋಗೆ ಸುಲಿಯುವವರಿಗೂ ಕಟಾವಿನ ಕೂಲಿಯಾಳುಗಳಿಗೂ ರಕ್ಷಣಾ ಕನ್ನಡಕ ಕೊಡಿಸಿ. ಒಮ್ಮೆ ಉರಿಯೂತ ಬಂದ ಕಣ್ಣಿಗೆ ಗಾಯವೂ ಆದರೆ ತೊಂದರೆ ಇಮ್ಮಡಿ.

ಈ ರೋಗ ಒಮ್ಮೆ ಬಂದವರಿಗೆ ತಿಂಗಳೋ ವರ್ಷವೋ ಬಿಟ್ಟು ಮತ್ತೆ ಬರಬಹುದು, ಅದೇ ಕಣ್ಣಿಗೆ ಇಲ್ಲವೇ ಇನ್ನೊಂದಕ್ಕೆ. ಬೆಳಕು ಚುಚ್ಚತೊಡಗಿದ ದಿನವೇ ಅದರ ಮುನ್ಸೂಚನೆ ಎಂದು ತಿಳಿದು, ಹಳೆಯ ಸೀಸೆಯನ್ನು ಹುಡುಕದೆ, ಹಳೆಯ ಚೀಟಿಯನ್ನು ಹಿಡಿದು ವೈದ್ಯರಲ್ಲಿಗೆ ಹೊರಡಬೇಕೆಂದು ಸದಸ್ಯರಲ್ಲಿ ವಿನಂತಿ.